ಗಂಜಿ ಬೆರೆಸಿದ ಬಣ್ಣ

"ಬಾವ, ಗ್ವಾಡ ಬುಡು ಬಾವ. ಬಣ್ಣ ಅಂಟ್ಕತ್ತದ."

ಹರದನಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದ ಚಿಕ್ಕಮಲ್ಲಪ್ಪ ತಂಗಿಯ ಮುಖ ನೋಡಿದವನೇ ನಡುಮನೆಯ ಗೋಡೆಗೆ ಬೆನ್ನು ಕೊಟ್ಟಿದ್ದ. ನಂಜುಂಡಪ್ಪ ಹೆಂಡತಿಯ ಹೆಣದ ಪಕ್ಕದಿಂದ ಎದ್ದು ಬಂದು ಅವನ ತೋಳು ಹಿಡಿದು ಈಚೆಗೆ ಎಳೆದ. ಅಳುತ್ತಿದ್ದ ಹೆಂಗಸರು ಒಂದು ಗಳಿಗೆ ಅಳು ನಿಲ್ಲಿಸಿದರು. ಚಿಕ್ಕಮಲ್ಲಪ್ಪ ಕಣ್ಣೊರೆಸಿಕೊಳ್ಳುವುದನ್ನೂ ಮರೆತು ತಂಗಿಯ ಗಂಡನ ಮುಖವನ್ನೇ ನೋಡಿದ. ಅವನ ಬಿಳಿ ಅಂಗಿಯ ಬೆನ್ನಿಗೆ ಆಗಲೇ ತಿಳಿಹಸಿರು ಬಣ್ಣ ಮೆತ್ತಿತ್ತು. ಗೋಡೆಯ ಮೇಲೆ ಅಷ್ಟಗಲ ಹಳೆಯ ಸುಣ್ಣ ಕಾಣುತ್ತಿತ್ತು.

ನಂಜುಂಡಪ್ಪನ ಹೆಂಡತಿ ದೊಡ್ಡಮಲ್ಲಮ್ಮ ಯುಗಾದಿಗೆಂದು ಮೊನ್ನೆ ನಡುಮನೆಗೆ ಬಣ್ಣ ಬಳಿದು ಮುಗಿಸಿ, ನಿನ್ನೆ ಸಂಜೆ ಹಿತ್ತಲಲ್ಲಿ ಬಕೆಟ್ಟು ತೊಳೆಯುತ್ತ ಕೂತಿದ್ದಳು. ಕೂತವಳು ಹಾಗೇ ಪಕ್ಕಕ್ಕೆ ವಾಲಿದಳು. ಡಾಕ್ಟರು ಬಂದು ಕೈ ಹಿಡಿದು ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೋದರು.

"ಹೆಂಡ್ತಿ ಹೋಗವ್ಳ, ಇವುನ್ಗ ಗ್ವಾಡ ಚಿಂತ," ಎಂದು ದೂರದ ನೆಂಟರ ಹೆಂಗಸೊಬ್ಬಳು ಗೊಣಗಿದಳು.

"ಅದು ಅವ್ಳ ಮಾತು ಕಣಮ್ಮಿ," ಎಂದಳು ಪಕ್ಕದ ಮನೆಯ ಮರಿತಾಯಮ್ಮ, ಸೆರಗಿನಿಂದ ಮೂಗು ಒರೆಸಿಕೊಂಡು. "ನಾನು ಈ ಹೊಸ್ಲು ದಾಟ್ದಾಗೆಲ್ಲ ಮೊದ್ಲು ಅದ್ನೇ ಹೇಳವ್ಳು. ಬಾ ಅನ್ನದು ಆಮ್ಯಾಲ."

* * *

ಚಾಮರಾಜನಗರದ ಅರಿಸಿನದ ಮಂಡಿಗಳ ಹಿಂದಿನ ಬೀದಿಯಲ್ಲಿ ಈ ಮನೆ ಕಟ್ಟಿದ ಹೊಸತರ ಮಾತು. ಮಂಡಿಯಲ್ಲಿ ತೂಕ ಹಾಕುವ ನಂಜುಂಡಪ್ಪ ಅಂಗಡಿಯಿಂದ ಬಣ್ಣದ ಪುಡಿಯ ಪೊಟ್ಟಣ ತಂದ. ಜೊತೆಗೊಂದು ಕಂದು ಗೋಂದಿನ ಹಲ್ಲೆ. ಇದನ್ನು ಬಿಸಿನೀರಿನಲ್ಲಿ ಕರಗಿಸಿ ಸೇರಿಸದಿದ್ದರೆ ಬಣ್ಣ ಗೋಡೆಯಲ್ಲಿ ನಿಲ್ಲುವುದಿಲ್ಲ ಎಂದು ಅಂಗಡಿಯವನು ಹೇಳಿಕಳಿಸಿದ್ದ. ಮಲ್ಲಮ್ಮ ಒಲೆಯ ಮೇಲೆ ನೀರಿಟ್ಟು ಕರಗಿಸಿದಳು. ಮನೆಯೆಲ್ಲ ಒಂದು ಥರದ ವಾಸನೆ ಹೊಡೆಯಿತು.

"ಇದ್ನ ಏನ್ರಲ್ಲಿ ಮಾಡ್ತರ?" ಎಂದು ಕೇಳಿದಳು.

ಸುಳ್ಳು ಹೇಳಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಆ ಕಲೆ ಅವನಿಗೆ ಬಾರದು. "ದನದ ಮೂಳ, ತೊಗಲು ಬೇಯ್ಸಿ ಮಾಡ್ತರಂತ," ಎಂದುಬಿಟ್ಟ.

ಮಲ್ಲಮ್ಮ ಪಾತ್ರೆಯ ಸಮೇತ ಅದನ್ನು ಬೀದಿಯ ಕೊನೆಯ ಚರಂಡಿಗೆ ಒಯ್ದು ಸುರಿದಳು. ಪಾತ್ರೆಯನ್ನೂ ಅಲ್ಲೇ ಬಿಟ್ಟಳು. ತಲೆಗೆ ಸ್ನಾನ ಮಾಡಿ, ಲಿಂಗಕ್ಕೆ ವಿಭೂತಿ ಇಟ್ಟು, ಆಮೇಲೆ ಗಂಡನ ಮುಂದೆ ಬಂದು ನಿಂತಳು. "ಪೂಜ ಮಾಡ ಮನಗ ಮೂಳ ನೀರ ಬಳುದ್ರ ಆ ಶಿವ ಒಳಕ್ಕ ಬತ್ತನಾ?" ಎಂದಳು. ಅವತ್ತಿನ ಅನ್ನದ ಗಂಜಿಯನ್ನು ಬಸಿದು, ಬಟ್ಟೆಯಲ್ಲಿ ಸೋಸಿ, ಬಣ್ಣಕ್ಕೆ ಬೆರೆಸಿದಳು.

ಗೋಡೆ ನೋಡುವುದಕ್ಕೆ ಚೆಂದವೇ ಆಯಿತು. ಆದರೆ ಕೈ ತಗುಲಿದರೆ ಕೈಗೆ, ತಲೆ ತಗುಲಿದರೆ ತಲೆಗೆ ಬಣ್ಣ. ಅವಳೇನೂ ಸೋಲೊಪ್ಪಲಿಲ್ಲ. ವರ್ಷಕ್ಕೊಮ್ಮೆ ತಾನೇ ಬಳಿದಳು, ಮಿಕ್ಕ ದಿನವೆಲ್ಲ ಕಾವಲು ಕಾದಳು. ಕೆಲಸವನ್ನೇನೋ ಅಚ್ಚುಕಟ್ಟಾಗಿ ಕಲಿತಿದ್ದಳು. ಮೊದಲು ಸೂರು, ಆಮೇಲೆ ಗೋಡೆ. ಮೂಲೆಗಳನ್ನು ಚಿಕ್ಕ ಕುಂಚದಲ್ಲಿ ಎಳೆದುಕೊಂಡೇ ನಡುವೆ ಬಳಿಯಬೇಕು. ಬಣ್ಣ ಇಡೀ ಮನೆಗಾಗುವಷ್ಟು ಒಟ್ಟಿಗೇ ಕಲಸಬೇಕು, ಎರಡನೇ ಸಲ ಕಲಸಿದ್ದು ಅದೇ ಬಣ್ಣ ಬರುವುದಿಲ್ಲ. ಬೀದಿಯ ಹೆಂಗಸರು ಬಂದು ಕೇಳಿಕೊಂಡು ಹೋಗುತ್ತಿದ್ದರು. ಹೋಗಿ ಎಲ್ಲ ಅವಳು ಹೇಳಿದ ಹಾಗೇ ಮಾಡಿ, ಗಂಜಿಯ ಬದಲು ಸದ್ದಿಲ್ಲದೆ ಗೋಂದು ಹಾಕಿಕೊಳ್ಳುತ್ತಿದ್ದರು.

ಮಂಡಿಯಿಂದ ಮೈಯೆಲ್ಲ ಹಳದಿಯಾಗಿ ಬರುವ ಗಂಡನಿಗಂತೂ ಹಿತ್ತಲಲ್ಲಿ ಅಂಗಿ ಕಳಚದೆ ಒಳಗೆ ಪ್ರವೇಶವಿರಲಿಲ್ಲ. ಒಳಗೆ ಬಂದರೂ ನಡುಮನೆಯ ಮಧ್ಯದ ಚಾಪೆಯೇ ಅವನ ಜಾಗ. ತನ್ನ ಮನೆಯ ಗೋಡೆಗೆ ಒಂದು ದಿನವೂ ಒರಗದ ಗಂಡಸು ಆ ಬೀದಿಯಲ್ಲಿ ಅವನೊಬ್ಬನೇ.

* * *

ಹೊತ್ತೇರುವಾಗ ಗುಂಡ್ಲುಪೇಟೆಯಿಂದ ಮಗಳು ಶಿವರಂಜನಿ ಬಂದಳು. ಅವ್ವನ ಮೇಲೆ ಬಿದ್ದು ಅತ್ತಳು. ಅವಳ ಅಳು ತುಸು ಇಳಿದ ಮೇಲೆ ಕ್ರಿಯೆ ಮಾಡಿಸಲು ಬಂದಿದ್ದ ಮಠದ ಅಯ್ನೋರು ವಿಭೂತಿ ಗಟ್ಟಿ ಕೈಗೆ ತೆಗೆದುಕೊಂಡರು.

"ಮಗ್ಳು ಬಂದದ್ದಾಯ್ತಲ್ಲ, ಇನ್ನು ಕೂರ್ಸಿ. ಇದೇ ಗ್ವಾಡಗ ಒರಗ್ಸಿ. ಮ್ಯಾಲೊಂದು ಮೊಳ ಹೊಡ್ದು ವಸ್ತ್ರ ಕಟ್ಬುಡಿ, ಕತ್ತು ವಾಲ್ದಂಗ."

ಅವರ ಪೈಕಿಯಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ. ಮೀಯಿಸಿ, ಹೂ ಮುಡಿಸಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಬಂದವರು ಎದುರಿಗೆ ಕೂತು ನೋಡುತ್ತಾರೆ. ಮಣ್ಣಿಗೂ ಕೂತ ಹಾಗೆಯೇ ಇಳಿಸುತ್ತಾರೆ. ಇದು ನಂಜುಂಡಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಬೆಳಗಿನಿಂದ ಅವನು ಹೆದರಿ ಕೂತಿದ್ದುದೇ ಈ ಮಾತಿಗೆ.

"ಗ್ವಾಡಗ ಬ್ಯಾಡ ಬುದ್ಧಿ. ಅಂಗಳದಲ್ಲಿ ಕುರ್ಚಿ ಹಾಕಿ ಕೂರ್ಸನ," ಎಂದ.

ಚಿಕ್ಕಮಲ್ಲಪ್ಪನಿಗೆ ತಡೆಯಲಾಗಲಿಲ್ಲ. "ಏನ್ ನಂಜುಂಡಪ್ಪ, ಗ್ವಾಡನ ತಲ ಮ್ಯಾಲ ಹೊತ್ಕಂಡ್ ಹೋದಯಾ? ಹನ್ನೊಂದ್ ದಿನದ ಕಾರ್ಯಕ್ಕ ಹೆಂಗೂ ಮನ ಬಳೀಲೇಬೇಕು. ನಾನೇ ಆಳು ಕಳುಸ್ತೀನಿ ಬುಡು. ಇದ್ನೆಲ್ಲ ಕೆರ್ಸಿ, ಉಪ್ಪುಕಾಗದ ಉಜ್ಸಿ, ಪುಟ್ಟಿ ಹಾಕಿ ಆಯಿಲ್ ಪೇಂಟ್ ಹೊಡ್ಸುದ್ರ ಊರೇ ಒರುಗುದ್ರೂ ಅಂಟಲ್ಲ. ನನ್ ತಂಗಿಗೂ ಎಷ್ಟ್ ಸಲ ಹೇಳ್ದಿ, ಕೇಳ್ನಿಲ್ಲ."

ಕೆರೆಸುವ ಮಾತು ಕೇಳಿ ನಂಜುಂಡಪ್ಪ ಎದ್ದು ಹೋಗಿ ಗೋಡೆಗೆ ಅಡ್ಡ ನಿಂತ.

ಶಿವರಂಜನಿ ಅಪ್ಪನನ್ನು ಅಡುಗೆಮನೆಯ ಬಾಗಿಲಿಗೆ ಕರೆದಳು. "ಅಪ್ಪ, ಜನ ಆಡ್ಕತ್ತಾವ್ರ. ಅವ್ವಗಿಂತ ಗ್ವಾಡ ಹೆಚ್ಚಾಯ್ತಾ ನಿಂಗ?"

"ಅವ್ಳ ಸೀರ ನಾಳಿಕ ಯಾರ್ಗಾರ ಕೊಟ್ಬುಡ್ತೀರಿ. ಕೊಡ್ಬೇಕು, ಕೊಡಿ," ಎಂದ ನಂಜುಂಡಪ್ಪ. "ಫೋಟೋ ಅಂದ್ರ ಮದುವದೊಂದು, ಅದ್ರಲ್ಲೂ ತಲ ತಗ್ಸವ್ಳ. ಇದು ಅವ್ಳು ಮೊನ್ನ ಬಳ್ದದ್ದು ಕೂಸೇ. ಅವ್ಳ ಕೈ ಆಡಿರ ಗುರ್ತು ಹಂಗೇ ಅದ ನೋಡು. ಇದೊಂದಾದ್ರೂ ನಂಗ ಇರ್ಲಿ."

ಮಗಳು ಗೋಡೆಯತ್ತ ನೋಡಿದಳು. ಕುಂಚ ಮೇಲಿಂದ ಕೆಳಗೆ ಬಂದು ತಿರುಗಿದ ಗೆರೆಗಳು ಬಾಗಿಲ ಬೆಳಕಿಗೆ ತೆಳ್ಳಗೆ ಕಾಣುತ್ತಿದ್ದವು. ಅವಳೇ ಹೋಗಿ ಅಂಗಳಕ್ಕೆ ಕುರ್ಚಿ ತರಿಸಿದಳು.

* * *

ಮೊನ್ನೆ ಮಲ್ಲಮ್ಮ ಸ್ಟೂಲಿನ ಮೇಲೆ ನಿಂತು ಬಳಿಯುವಾಗ ನಂಜುಂಡಪ್ಪ ಸ್ಟೂಲಿನ ಕಾಲು ಹಿಡಿದು ಕೂತಿದ್ದ. ಮಂಡಿಗೆ ರಜೆ. ಅವಳು ನಡುನಡುವೆ ಇಳಿದು, ಎದೆಯ ಮೇಲೆ ಕೈಯಿಟ್ಟುಕೊಂಡು, ಸುಧಾರಿಸಿಕೊಂಡು ಮತ್ತೆ ಹತ್ತುತ್ತಿದ್ದಳು. ಕೂಲಿಯವನನ್ನು ಕರೆಯುತ್ತೇನೆಂದರೆ, "ಅವ್ನು ಗೋಂದು ಹಾಕ್ಬುಡ್ತನ," ಎಂದಳು.

ಮುಗಿದ ಮೇಲೆ ನಾಲ್ಕು ಹೆಜ್ಜೆ ಹಿಂದೆ ಬಂದು, ಮೂಗಿನ ಮೇಲಿನ ಹಸಿರನ್ನು ತೋಳಿನಿಂದ ಒರೆಸಿಕೊಂಡು ಕೇಳಿದಳು. "ಹೆಂಗದ ಬಣ್ಣ?"

"ಹೂಂ," ಎಂದಿದ್ದ ನಂಜುಂಡಪ್ಪ.

ಅವಳು ಇನ್ನೊಂದು ಗಳಿಗೆ ಅವನನ್ನೇ ನೋಡುತ್ತ ನಿಂತು, ಆಮೇಲೆ ಸ್ಟೂಲು ಎತ್ತಿಕೊಂಡು ಒಳಗೆ ಹೋದಳು. ಚೆನ್ನಾಗದ ಎನ್ನುವುದಕ್ಕೆ ಏನು ಕಷ್ಟವಿತ್ತು? ನಿನ್ನೆಯಿಂದ ಅವನನ್ನು ಎಲ್ಲಕ್ಕಿಂತ ಹೆಚ್ಚು ಸುಡುತ್ತಿದ್ದುದು ಅದೇ.

* * *

ಅಂಗಳದ ಕುರ್ಚಿಯಲ್ಲಿ ಮಲ್ಲಮ್ಮ ನಿಲ್ಲಲಿಲ್ಲ. ಸೊಂಟಕ್ಕೆ ವಸ್ತ್ರ ಕಟ್ಟಿದರೆ ಭುಜ ಜಾರಿತು. ಭುಜಕ್ಕೆ ಕಟ್ಟಿದರೆ ತಲೆ ಎದೆಯ ಮೇಲೆ ಬಿತ್ತು. ಮರಿತಾಯಮ್ಮ ಹಿಂದೆ ನಿಂತು ಗಲ್ಲ ಎತ್ತಿ ಹಿಡಿದಳು, ಕೈ ಸೋತು ಬಿಟ್ಟಳು. ತಲೆ ಈ ಸಲ ಪಕ್ಕಕ್ಕೆ ವಾಲಿ, ಮುಡಿಸಿದ್ದ ಮಲ್ಲಿಗೆ ಮುಖದ ಮೇಲೆ ಇಳಿಯಿತು. ಕಾಂಪೌಂಡಿನ ಆಚೆ ನಿಂತಿದ್ದ ಜನ ಕತ್ತು ಉದ್ದ ಮಾಡಿ ನೋಡಿದರು. ಯಾರೋ ಬಿದಿರಿನ ಗಳ ತಂದು ಬೆನ್ನಿಗೆ ಬಿಗಿಯೋಣ ಎಂದರು.

ನಂಜುಂಡಪ್ಪನಿಗೆ ಅದನ್ನು ನೋಡಲಾಗಲಿಲ್ಲ. ಬೀದಿಯ ಹೆಂಗಸರಿಗೆಲ್ಲ ತಲೆಯೆತ್ತಿ ಬುದ್ಧಿ ಹೇಳುತ್ತಿದ್ದ ಹೆಂಗಸು ಹತ್ತು ಜನರ ಮುಂದೆ ಕುಡಿದವರ ಹಾಗೆ ತೂಗುತ್ತಿದ್ದಳು.

"ಎತ್ತಿ," ಎಂದ. "ಒಳಕ್ಕ ತನ್ನಿ."

ಸುತ್ತಿಗೆಯನ್ನು ಅವನೇ ಹುಡುಕಿ ತಂದ. ಚಿಕ್ಕಮಲ್ಲಪ್ಪ ಕೈ ಚಾಚಿದರೂ ಕೊಡಲಿಲ್ಲ. ಗೋಡೆಯ ನಡುಮಧ್ಯೆ, ಗೆರೆಗಳು ಎಲ್ಲಕ್ಕಿಂತ ನೇರವಾಗಿದ್ದ ಕಡೆ, ಮೊಳೆಯಿಟ್ಟು ಹೊಡೆದ. ಪ್ರತಿ ಏಟಿಗೂ ಹಸಿರು ಪುಡಿ ಉದುರಿ ಅವನ ಮುಂಗೈ ಮೇಲೆ ಬಿತ್ತು. ವಸ್ತ್ರ ಕಟ್ಟಿ ಕೂರಿಸಿದರು. ಬೆನ್ನಿಗೆ ಗೋಡೆ ಸಿಕ್ಕ ಮೇಲೆ ಮಲ್ಲಮ್ಮ ನೆಟ್ಟಗೆ ಕೂತಳು. ಅಯ್ನೋರು ಹಣೆಗೆ ಮೂರು ಬೆರಳು ವಿಭೂತಿ ಎಳೆದರು. ಹೆಂಗಸರು ಅರಿಸಿನ ಕುಂಕುಮ ಇಟ್ಟು, ಮುತ್ತೈದೆಯಾಗಿ ಹೋದಳು, ಪುಣ್ಯವಂತೆ, ಎಂದು ಅತ್ತರು.

ಆಮೇಲೆ ಜನ ಬಂದೇ ಬಂದರು. ಮಂಡಿಯ ಹಮಾಲಿಗಳು ಬಂದರು, ಹರದನಹಳ್ಳಿಯವರು ಟೆಂಪೋ ಮಾಡಿಕೊಂಡು ಬಂದರು. ನಡುಮನೆ ತುಂಬಿತು. ಬಿಸಿಲಿಗೆ ದಣಿದವರು, ಅತ್ತು ಸಾಕಾದವರು, ಜಾಗ ಸಾಲದವರು ಗೋಡೆಗೆ ಒರಗಿದರು. ನಂಜುಂಡಪ್ಪ ಚಾಪೆಯ ಮೇಲೆ ಕೂತು ನೋಡುತ್ತಿದ್ದ. ಎರಡು ಸಲ ಏಳಲು ಹೋದ. ಹೆಂಡತಿಯ ಮುಖ ನೋಡಿ ಮತ್ತೆ ಕೂತ.

ಇಳಿಹೊತ್ತಿಗೆ ಅಯ್ನೋರು ಏಳಿ ಎಂದರು. ವಸ್ತ್ರ ಬಿಚ್ಚಿ, ಎತ್ತಿ, ಹೂ ಸುತ್ತಿದ ಬಿದಿರಿನ ಮಂಟಪದಲ್ಲಿ ಮಲ್ಲಮ್ಮನನ್ನು ಕೂರಿಸಿದರು. ಅವಳ ರೇಷ್ಮೆ ಸೀರೆಯ ಬೆನ್ನೆಲ್ಲ ಹಸಿರಾಗಿತ್ತು. ಶಿವರಂಜನಿ ಸೆರಗಿನಿಂದ ಒರೆಸಲು ಹೋದಳು. ನಂಜುಂಡಪ್ಪ ಅವಳ ಕೈ ಹಿಡಿದ.

ಜಾಗಟೆ ಹೊಡೆದುಕೊಂಡು ಮುಂದಿನವರು ಬೀದಿಗೆ ಇಳಿದರು. ಹೊಸಿಲಲ್ಲಿ ನಿಂತ ನಂಜುಂಡಪ್ಪನಿಗೆ ಅವರ ಬೆನ್ನುಗಳು ಕಂಡವು. ಚಿಕ್ಕಮಲ್ಲಪ್ಪನದು, ಹಮಾಲಿಗಳದು, ಮರಿತಾಯಮ್ಮನದು, ಹೆಸರು ಗೊತ್ತಿಲ್ಲದ ಎಷ್ಟೋ ಜನರದು. ಎಲ್ಲರ ಬೆನ್ನ ಮೇಲೂ ಅವಳು ಕಲಸಿದ ತಿಳಿಹಸಿರು ಇತ್ತು. ಅವನು ತನ್ನ ಅಂಗಿಯ ಬೆನ್ನನ್ನು ಕೈಯಿಂದ ಮುಟ್ಟಿ, ಅಂಗೈ ನೋಡಿಕೊಂಡ. ಏನೂ ಇರಲಿಲ್ಲ.

"ಈಗ್ಬತ್ತೀನಿ, ನಡೀರಿ," ಎಂದು ಒಳಗೆ ತಿರುಗಿದ.

ಖಾಲಿ ನಡುಮನೆಯಲ್ಲಿ ಮೊಳೆಯ ಕೆಳಗೆ ಗೋಡೆ ಬರೀ ಸುಣ್ಣವಾಗಿತ್ತು. ಅದರ ಪಕ್ಕದಲ್ಲಿ, ಯಾರ ಬೆನ್ನಿಗೂ ಸಿಗದೆ ಒಂದಿಷ್ಟು ಹಸಿರು ಉಳಿದಿತ್ತು. ನಂಜುಂಡಪ್ಪ ಅಲ್ಲಿ ಬೆನ್ನು ತಿರುಗಿಸಿ ನಿಂತು, ಮೊದಲು ಸೊಂಟ, ಆಮೇಲೆ ಭುಜ, ಕೊನೆಗೆ ತಲೆಯನ್ನೂ ಗೋಡೆಗೆ ಕೊಟ್ಟ.

"ಬಾವ, ಹೊತ್ತಾಯ್ತದ, ಬಾ," ಎಂದು ಚಿಕ್ಕಮಲ್ಲಪ್ಪ ಹೊರಗಿನಿಂದ ಕೂಗಿದ.

ಅವನು ಕಣ್ಣು ಮುಚ್ಚಿಕೊಂಡು ಇನ್ನಷ್ಟು ಒತ್ತಿ ನಿಂತ.