ಯಜಮಾನರ ಪಾಳಿ

"ಲೇ ಬೋಳಿಮಗನೆ, ಗೋಡೆಗೆ ಒರಗ್ಬೇಡ! ನಿಮ್ಮಪ್ಪ ಕಟ್ಟಿಸಿದ್ದಾ ಇದನ್ನ?"

ಜವಾನ ಕೋಲಿನ ತುದಿಯಿಂದ ಪಕ್ಕೆಗೆ ತಿವಿದ. ಸಾಲಿನಲ್ಲಿ ನಿಂತಿದ್ದವನು ಬೆನ್ನು ನೆಟ್ಟಗೆ ಮಾಡಿಕೊಂಡ. ಸತ್ತ ಮೇಲೂ ಪಕ್ಕೆ ನೋಯುತ್ತದೆ ಅಂತ ಮೊದಲೇ ಗೊತ್ತಿದ್ದರೆ ಸಾಯುವುದಕ್ಕೆ ಇಷ್ಟು ಅವಸರ ಮಾಡುತ್ತಿರಲಿಲ್ಲ ಅಂದುಕೊಂಡು ಒಳಗೊಳಗೇ ನಕ್ಕ.

ಜನ ಅವನನ್ನು ಕರೆಯುತ್ತಿದ್ದುದು ಕಂಬ ಅಂತ. ಬದುಕಿದ್ದಾಗ ಅವನ ಕಸುಬು ಒಂದೇ, ಯಜಮಾನರ ಬದಲು ಸಾಲಿನಲ್ಲಿ ನಿಲ್ಲುವುದು. ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ, ರೈಲಿನ ಟಿಕೆಟ್ಟಿಗೆ, ಯಜಮಾನರ ಮೊಮ್ಮಗಳ ಶಾಲೆಯ ಅರ್ಜಿಗೆ. ಇವನು ಹೊಟ್ಟೆಗಿಲ್ಲದೆ ನಿಂತು ನಿಂತು ಕಿಟಕಿಯ ಹತ್ತಿರ ಬರುವ ಹೊತ್ತಿಗೆ ಅವರು ಸ್ನಾನ ಮುಗಿಸಿ, ತಿಂಡಿ ತಿಂದು, ಘಮಘಮ ಅಂತ ಬಂದು "ಸರಿಯೋ" ಅನ್ನುತ್ತಿದ್ದರು. ಇವನು ಸರಿಯುತ್ತಿದ್ದ. ಮೂವತ್ತು ವರ್ಷದಲ್ಲಿ ಅದೆಷ್ಟು ಕಿಟಕಿಗಳ ಹತ್ತಿರಕ್ಕೆ ಹೋಗಿದ್ದನೋ, ಒಂದರೊಳಗೂ ಇಣುಕಿದವನಲ್ಲ. ಮೈಭಾರವನ್ನು ಎಡಗಾಲಿನಿಂದ ಬಲಗಾಲಿಗೆ ಯಾವಾಗ ದಾಟಿಸಬೇಕು, ಉಚ್ಚೆ ಬಂದರೆ ಎಷ್ಟು ಹೊತ್ತು ತಡೆಯಬಹುದು, ಈ ವಿದ್ಯೆಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಭಾರಿ ವಿದ್ಯೆ! ಒಂದು ಕಲ್ಲು ಇಟ್ಟರೂ ಆಗುವ ಕೆಲಸ. ಆದರೆ ಕಲ್ಲನ್ನು ಒದ್ದರೆ ಅದು ಅಲ್ಲೇ ಬಿದ್ದಿರುತ್ತದೆ, ಇವನನ್ನು ಒದ್ದರೆ ವಾಪಸು ಬಂದು ನಿಲ್ಲುತ್ತಾನೆ. ಆ ಒಂದು ಗುಣಕ್ಕೇ ಅವನಿಗೆ ಎರಡು ಹೊತ್ತಿನ ಊಟ.

ಸತ್ತದ್ದೂ ಸಾಲಿನಲ್ಲೇ. ಯಜಮಾನರ ಮೊಣಕಾಲು ನೋವಿಗೆ ಡಾಕ್ಟರ ಚೀಟಿ ತರಲು ಸುಡುಬಿಸಿಲಲ್ಲಿ ನಿಂತಿದ್ದಾಗ ಕಣ್ಣು ಕತ್ತಲೆ ಬಂತು. ಕಣ್ಣು ಬಿಟ್ಟರೆ ಎದುರಿಗೆ ಇನ್ನೊಂದು ಸಾಲು, ಸತ್ತವರ ಕೋರ್ಟಿನದು. ಎಡವಟ್ಟು ಮಾಡಿಕೊಂಡದ್ದು ಆಗಲೇ. ಹೆಬ್ಬಾಗಿಲಲ್ಲಿ ಗುಮಾಸ್ತ "ಯಾರು ನೀನು?" ಅಂದಾಗ ಹಾಳು ಬಾಯಿ ತಾನೇ ಆಡಿಬಿಟ್ಟಿತು: "ಯಜಮಾನ್ರು ಹಿಂದೆ ಬರ್ತಾವ್ರೆ ಸಾರ್. ನಾನು ಅವರ ಪಾಳಿಗೆ ನಿಂತಿದ್ದೀನಿ."

ಗುಮಾಸ್ತ ಹಾಗೇ ಬರೆದುಕೊಂಡ. ಅಲ್ಲಿ ಒಮ್ಮೆ ಬರೆದದ್ದನ್ನು ಹೊಡೆದುಹಾಕುವಂತಿಲ್ಲವಂತೆ.

ಸಾಲಿನ ಪಕ್ಕದಲ್ಲೇ ಉದ್ದನೆಯ ಕಟ್ಟಡವೊಂದಿತ್ತು. ಮೊದಲೇ ಸತ್ತು, ವಿಚಾರಣೆ ಮುಗಿಸಿ ಆಚೆ ಕಡೆ ಸೇರಿದವರು ತಮ್ಮವರನ್ನು ಕರೆದುಕೊಂಡು ಹೋಗಲು ಬಂದರೆ ಉಳಿದುಕೊಳ್ಳುವ ತಂಗುಮನೆ ಅದು. ಕೋಣೆಗೊಂದು ಕಬ್ಬಿಣದ ಮಂಚ, ತೂತು ಬಿದ್ದ ಕಂಬಳಿ, ಸರಳು ಹಾಕಿದ ಒಂದು ಕಿಟಕಿ. ಮೂರನೆಯ ಕಿಟಕಿಯಲ್ಲಿ ಅವನ ಹೆಂಡತಿ ನಿಂತಿದ್ದಳು. ಅವಳಿಗೆ ಸಿಕ್ಕಿದ್ದು ಒಂಬತ್ತು ದಿನದ ರಜೆ. ಇವತ್ತು ಕೊನೆ. ಸಂಜೆ ಗಂಟೆ ಹೊಡೆಯುವುದರೊಳಗೆ ಅವನ ವಿಚಾರಣೆ ಆದರೆ ಇಬ್ಬರೂ ಒಟ್ಟಿಗೆ ಹೋಗಬಹುದು. ಆಗದಿದ್ದರೆ ಅವಳು ಒಬ್ಬಳೇ ವಾಪಸು, ಮತ್ತೆ ರಜೆ ಇಲ್ಲ.

"ಮುಂದೆ ಎಷ್ಟು ಜನ ಅವ್ರೆ?" ಅವಳು ಸರಳುಗಳ ನಡುವಿನಿಂದ ಕೂಗಿದಳು.

"ಇಬ್ಬರೇ ಕಣೆ!"

"ನಿಂಗೇನು ಹೆಚ್ಚು ಹೊತ್ತು ಹಿಡಿಯಲ್ಲ ಬಿಡು. ಪಾಪ ಮಾಡಕ್ಕೆ ನಿಂಗೆ ಪುರುಸೊತ್ತೆಲ್ಲಿತ್ತು?"

ಹಿಂದೆ ನಿಂತಿದ್ದ ಅಡುಗೆಯವಳೊಬ್ಬಳು ಕಿಸಕ್ಕನೆ ನಕ್ಕಳು. ಅವಳ ಕೈಯಲ್ಲಿ ಯಾರದೋ ಜರಿ ಚಪ್ಪಲಿಗಳಿದ್ದವು. "ನಗಬೇಡಕ್ಕ," ಅಂದ ಕಂಬ. "ನಗಲ್ಲ ಕಣಪ್ಪ, ನಾನೂ ನಮ್ಮಮ್ಮಾವ್ರು ಬರ್ತಾರೆ ಅಂತಾನೇ ಬರೆಸಿಬಿಟ್ಟಿದೀನಿ," ಅಂದಳು ಅವಳು.

ಮುಂದೆ ಇಬ್ಬರೇ ಅಂದದ್ದಕ್ಕೆ ಅವನಿಗೆ ಹಳೆಯದು ನೆನಪಾಯಿತು. ಆವತ್ತೂ ಮುಂದೆ ಇಬ್ಬರೇ ಇದ್ದರು. ಆರು ವರ್ಷದ ಹಿಂದೆ ಅವಳಿಗೆ ಎದೆನೋವು ಬಂದಾಗ, ಜನ್ಮದಲ್ಲಿ ಮೊದಲ ಸಲ ಅವನು ತನ್ನವರಿಗಾಗಿ ಸಾಲು ನಿಂತಿದ್ದ. ಅವಳು ಆಸ್ಪತ್ರೆಯ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಯಜಮಾನರು ಕೆಮ್ಮುತ್ತಾ ಬಂದರು, "ಸರಿಯೋ" ಅಂದರು. ಕಾಲುಗಳು ಸರಿದುಬಿಟ್ಟವು. ಅವನನ್ನು ಕೇಳಲೂ ಇಲ್ಲ! ಅವನು ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತ. ಪಾಳಿ ಬರುವುದರೊಳಗೆ ಅವಳು ಹೋದಳು. "ನೀನಾದ್ರೂ ಏನ್ಮಾಡ್ತೀಯ ಬಿಡು" ಅಂದದ್ದು ಅವಳ ಕೊನೆಯ ಮಾತು. ಯಜಮಾನರಿಗೆ ಇದ್ದದ್ದು ನೆಗಡಿ.

ಸಾಲು ಜರುಗಿತು. ಇನ್ನು ಒಬ್ಬನೇ. ಅವನೂ ಒಳಗೆ ಹೋದ. ಜೀವಮಾನದಲ್ಲಿ, ಅಂದರೆ ಜೀವಮಾನ ಮುಗಿದ ಮೇಲೆ, ಕಂಬ ಮೊದಲ ಸಲ ಕಿಟಕಿಯೊಳಗೆ, ಕೋರ್ಟಿನ ಕಿಟಕಿಯೊಳಗೆ, ಇಣುಕಿದ. ಒಳಗೆ ಅಂಥದ್ದೇನೂ ಇರಲಿಲ್ಲ, ಒಂದು ಮೇಜು ಮತ್ತು ಹೆಬ್ಬಾಗಿಲಲ್ಲಿದ್ದ ಅದೇ ಗುಮಾಸ್ತ.

"ಲೇ ಕಂಬ! ಇಲ್ಲೂ ನಿಂತಿದೀಯೇನೋ? ಶಭಾಷ್!"

ಅವನ ಬೆನ್ನು ತಾನಾಗಿ ಬಾಗಿತು. ಯಜಮಾನರು. ಸತ್ತರೂ ಇಸ್ತ್ರಿ ಮುರಿಯದ ಬಟ್ಟೆ. ಆಗಷ್ಟೇ ಬಂದವರಿಗೆ ಜವಾನ ಆಗಲೇ ಕೈ ಮುಗಿದು ದಾರಿ ಬಿಡಿಸುತ್ತಿದ್ದ.

"ಸರಿಯೋ."

"ಯಜಮಾನ್ರೇ, ಇದು ನಂದು... ನನ್ನ ಹೆಂಡ್ತಿ ಕಾಯ್ತಾವ್ಳೆ. ಸಂಜೆಗೆ ಅವಳ ರಜೆ ಮುಗೀತದೆ."

"ನಿನ್ನ ಹೆಂಡ್ತಿ ಸತ್ತು ಆರು ವರ್ಷ ಆಯ್ತು. ಇನ್ನೇನು ಅವಸರ ಅವಳಿಗೆ? ಸರಿಯೋ ಮುಂಡೇಮಗನೆ, ಕಾಲು ನೋಯ್ತಿದೆ ನಂಗೆ."

ಗುಮಾಸ್ತ ಪುಟ ತಿರುವಿದ. "ಹೌದಲ್ಲ, ಈ ಪಾಳಿ ಇವರದ್ದೇ. ಇವರ ಬದಲು ನಿಂತಿದೀನಿ ಅಂತ ನೀನೇ ಬರೆಸಿದೀಯ. ಹೋಗು, ಕೊನೇಲಿ ನಿಂತ್ಕೊ."

"ಅದು ಬಾಯಿ ತಪ್ಪಿ ಬಂದದ್ದು ಸಾರ್!"

"ಬರೆದಾಗಿದೆ."

ಕಂಬನ ಎಡಗಾಲು ಪಕ್ಕಕ್ಕೆ ಎದ್ದಿತು. ಥೂ ನಿನ್ನ, ಸತ್ತರೂ ಬುದ್ಧಿ ಬರಲಿಲ್ಲವಲ್ಲ ಅಂತ ಕಾಲಿಗೇ ಬೈದ. ಮೂರನೆಯ ಕಿಟಕಿಯ ಕಡೆ ನೋಡಿದ. ಅವಳು ಎಲ್ಲ ನೋಡಿದ್ದಳು. ಆ ಕಡೆ ತಿರುಗಿ ಕಂಬಳಿ ಮಡಿಸಲು ಶುರು ಮಾಡಿದಳು.

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ಅವನು ಎತ್ತಿದ ಕಾಲನ್ನು ಇಳಿಸಿದ. ಆಮೇಲೆ ಕಿಟಕಿಯ ಎದುರಿಗೇ, ನಿಂತ ಜಾಗದಲ್ಲೇ, ಕೂತುಬಿಟ್ಟ.

ಮಂಡಿಗಳು ಲಟಲಟ ಅಂದದ್ದು ಸಾಲಿಗೆಲ್ಲ ಕೇಳಿಸಿತು. ಮೂವತ್ತು ವರ್ಷ ಸಾಲಿನಲ್ಲಿ ಕೂತವನಲ್ಲ, ಕೂತರೆ ಪಾಳಿ ಹೋಗುತ್ತದೆ ಅನ್ನುವ ಭಯ. ನೆಲ ತಣ್ಣಗಿತ್ತು. ಇಷ್ಟು ಸುಖ ಇದೆ ಅಂತ ಗೊತ್ತಿದ್ದರೆ ಎಂದೋ ಕೂರಬಹುದಿತ್ತಲ್ಲ, ನನ್ನಂಥ ದಡ್ಡ ಇನ್ನೊಬ್ಬನಿಲ್ಲ ಅಂದುಕೊಂಡ.

"ಏಳೋ!" ಯಜಮಾನರು ಕಿರುಚಿದರು. "ನನ್ನ ಜಾಗ ಅದು!"

"ನಿಂತಿದ್ದು ನಿಮ್ಮದು ಯಜಮಾನ್ರೇ, ತಗೊಳ್ಳಿ," ಅಂದ ಕಂಬ. "ಕೂತಿರೋದು ನಾನು. ಸಾರ್, ಕೂತವನ ಬಗ್ಗೆ ಏನಾದ್ರೂ ಬರೆದಿದೆಯಾ ನೋಡಿ."

ಗುಮಾಸ್ತ ಪುಟ ತಿರುವಿದ. ಮತ್ತೊಮ್ಮೆ ತಿರುವಿದ.

ಜವಾನ ಒದ್ದ. ಕಂಬ ಉರುಳಿದ, ಮಣ್ಣು ಕೊಡವಿಕೊಂಡು ಬಂದು ಅಲ್ಲೇ ಕೂತ. ಇನ್ನೊಂದು ಒದೆ ಬಿತ್ತು. ತುಟಿ ಒಡೆಯಿತು. ಮತ್ತೆ ಬಂದು ಕೂತ. ಹಿಂದೆ ಅಡುಗೆಯವಳು ಜರಿ ಚಪ್ಪಲಿಗಳನ್ನು ಅತ್ತ ಎಸೆದು, "ಅಯ್ಯಮ್ಮಾ, ಸೊಂಟ," ಅನ್ನುತ್ತಾ ಅವಳೂ ಕುಕ್ಕರಿಸಿದಳು.

ಗಂಟೆ ಹೊಡೆಯತೊಡಗಿತು. ಇನ್ನೂ ನಾಲ್ಕು ಜನ ಜವಾನರು ಕೋಲು ಹಿಡಿದು ಓಡಿ ಬಂದರು.

ತಂಗುಮನೆಯ ಬಾಗಿಲು ತೆಗೆದು ಅವನ ಹೆಂಡತಿ ಹೊರಗೆ ಬಂದಳು. ಆಚೆ ಕಡೆಯ ದಾರಿ ಎಡಕ್ಕಿತ್ತು. ಅವಳು ಬಲಕ್ಕೆ ತಿರುಗಿ, ಜವಾನರ ನಡುವೆ ನುಗ್ಗಿ, ಕಂಬಳಿಯನ್ನು ಅವನ ಪಕ್ಕದಲ್ಲಿ ಹಾಸಿದಳು.

"ಸರ್ಕೊ ಸ್ವಲ್ಪ," ಅಂದಳು.

ಅವನು ಸರಿದು ಜಾಗ ಕೊಟ್ಟ.