ಚುಕ್ಕಿ ಅಕ್ಕಿಹೆಬ್ಬಾಳಿಗೆ ಹೋದದ್ದು

೧

ಈ ಕಥೆಯನ್ನು ಎಮ್ಮೆಯಿಂದ ಶುರು ಮಾಡಲೋ, ರೇಟಿನಿಂದ ಶುರು ಮಾಡಲೋ? ಮೊದಲ ಡ್ರಾಫ್ಟ್ ಹೀಗಿತ್ತು: ‘ಚುಕ್ಕಿಯ ದೊಡ್ಡ ಕಪ್ಪು ಕಣ್ಣುಗಳಲ್ಲಿ ಸಂಜೆಯ ಸೂರ್ಯ ಮುಳುಗುತ್ತಿದ್ದ.’ ಓದಿಕೊಂಡೆ. ನಾಚಿಕೆಯಾಯಿತು. ಹರಿದು ಹಾಕಿದೆ. ಎರಡನೆಯದು: ‘ದನದ ಬಾಡನ್ನು ರೈತರ ಹಟ್ಟಿಯಿಂದಲೇ ಕೊಂಡರೆ ದಲ್ಲಾಳಿಯ ಕಮಿಷನ್ ಉಳಿಯುತ್ತದೆ.’ ಇದು ಸರ್ಕಾರಿ ಕರಪತ್ರದ ಹಾಗೆ ಕೇಳಿಸಿತು. (ಇಂಥ ಕರಪತ್ರವನ್ನು ಯಾವ ಸರ್ಕಾರವೂ ಅಚ್ಚು ಹಾಕಿಸುವುದಿಲ್ಲ ಎನ್ನುವುದು ಬೇರೆ ಮಾತು. ಎಮ್ಮೆ ದನವೇ ಅಲ್ಲ ಎಂದು ವಾದ ಮಾಡಲು ಬರುವವರು ದಯವಿಟ್ಟು ಮುಂದಿನ ಕಥೆಗೆ ಹೋಗಿ.)

ಮೂರನೆಯದಕ್ಕೆ ಕೂತಾಗ ಕುಳ್ಳಮ್ಮ ಬಂದಳು. ಈ ಕಥೆಯ ನಾಯಕಿ.

“ಕಣ್ಣು ಪಣ್ಣು ಎಲ್ಲ ಆಮೇಲ್ ಬರ್ಕೊ. ಮೊದ್ಲು ಬೀಗ್ರು ಬಂದುದ್ದ ಬರಿ,” ಅಂದಳು.

ಬರೆಯುತ್ತೇನೆ.

೨

ತೊಂಬತ್ತರ ದಶಕದ ನಡುವಿನ ಒಂದು ಬೇಸಗೆ. ಹೊಣಕೆರೆ ಕಡೆಯ ಒಂದು ಊರು. ಹೆಸರು ಹಾಕುವುದಿಲ್ಲ, ಹಾಕಿದರೆ ಆ ಊರಿನವರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಕುಳ್ಳಮ್ಮನೂ ಅವಳ ಗಂಡ ಮಂಚಯ್ಯನೂ ಕೂಲಿ ಮಾಡಿ ಓದಿಸಿದ ಮಗ ಅಶೋಕ್, ನಾಗಮಂಗಲದ ಒಂದು ಆಫೀಸಿನಲ್ಲಿ ಅಟೆಂಡರ್. ಅವನಿಗೆ ಅಕ್ಕಿಹೆಬ್ಬಾಳಿನಿಂದ ಹೆಣ್ಣು ತಂದಿದ್ದರು. ಮದುವೆ ಪಾಯಸ ಪಲ್ಯದಲ್ಲಿ ಮುಗಿದಿತ್ತು. ಇನ್ನು ಬೀಗರೂಟ, ಅಂದರೆ ಹೆಣ್ಣಿನ ಕಡೆಯವರನ್ನು ಕರೆದು ಬಾಡೂಟ ಹಾಕುವುದು, ಬಾಕಿಯಿತ್ತು. ನಮ್ಮ ಕಡೆ ಮದುವೆ ನಿಜಕ್ಕೂ ಗಟ್ಟಿಯಾಗುವುದು ಅಂದೇ.

ದಿನ ಗೊತ್ತು ಮಾಡಲು ಬಂದ ಹೆಣ್ಣಿನ ಅಪ್ಪ ಕರಿಯಯ್ಯ ಜಗುಲಿ ಮೇಲೆ ಕೂತು ಅಂದ: “ಕುರಿ ಪರಿ ಬ್ಯಾಡಿ ಬೀಗ್ರೆ. ಎಲೆಗೆ ಎಲ್ಡು ತುಂಡು ಬೀಳ್ತದೆ, ಅಷ್ಟೊತ್ಗೆ ಕೈ ತೊಳ್ಕಳಿ ಅಂತೀರ. ದೊಡ್ ಬಾಡೇ ಮಾಡಿ. ಒಟ್ಟೆ ತುಂಬ ಉಣ್ಣಾನ.”

ದೊಡ್ಡ ಬಾಡು ಅಂದರೆ ದನ, ಎಮ್ಮೆಯದು. ಪಟ್ಟಣದ ಅಂಗಡಿಯಿಂದ ತಂದರೆ ಅರ್ಧ ಮೂಳೆ. ಮೇಲಾಗಿ ಬಸ್ಸಿನಲ್ಲಿ ಕಂಡಕ್ಟರ್ ಮೂಗು ಅರಳಿಸಿ ‘ಏನಮ್ಮಾ ಚೀಲ್ದಲ್ಲಿ’ ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳುತ್ತಾನೆ. ದಲ್ಲಾಳಿಯ ಹತ್ತಿರ ಕೊಂಡರೆ ಅವನ ಲಾಭವನ್ನೂ ತಾನೇ ಕೊಡಬೇಕು. ಹೀಗೆ ಲೆಕ್ಕ ಹಾಕುತ್ತಿದ್ದ ಕುಳ್ಳಮ್ಮನಿಗೆ, ತಾನು ಎಷ್ಟೋ ವರ್ಷದಿಂದ ಕೂಲಿಗೆ ಹೋಗುವ ಶಿವಣ್ಣನ ಮನೆಯ ಕೊಟ್ಟಿಗೆ ನೆನಪಾಯಿತು. ಅಲ್ಲಿ ಚುಕ್ಕಿ ಇತ್ತು. ಹಣೆಯ ಮೇಲೆ ಬಿಳಿ ಬೊಟ್ಟಿನ ಮುದಿ ಎಮ್ಮೆ. ಗಬ್ಬ ನಿಲ್ಲುವುದು ಎಂದೋ ನಿಂತು ಗೊಡ್ಡಾಗಿತ್ತು.

೩

ಶಿವಣ್ಣನ ಹೆಂಡತಿ ಚಿಕ್ಕಬೋರಮ್ಮ. (ಮೊದಲ ಡ್ರಾಫ್ಟಿನಲ್ಲಿ ಕುಳ್ಳಮ್ಮ ‘ಬಂದಳು’, ಚಿಕ್ಕಬೋರಮ್ಮ ‘ಬಂದರು’ ಆಗಿದ್ದರು. ಪೆನ್ನು ತಾನಾಗಿಯೇ ಹಾಗೆ ಓಡಿತ್ತು. ಈಗ ಇಬ್ಬರೂ ‘ಬಂದಳು’. ಗೌಡರ ಮನೆಯವರು ಕ್ಷಮಿಸಬೇಕು, ಅಥವಾ ಕ್ಷಮಿಸದಿದ್ದರೂ ನಡೆಯುತ್ತದೆ.)

ಕೊಟ್ಟಿಗೆಯಲ್ಲಿ ಕುಳ್ಳಮ್ಮ ಕೇಳುವ ಮೊದಲೇ ಚಿಕ್ಕಬೋರಮ್ಮ ಮಾತು ತೆಗೆದಳು.

“ಚುಕ್ಕೀನ ಆ ದಲ್ಲಾಳಿಗೆ ಕೊಡಾಕಿಲ್ಲ ಕಣಮ್ಮಿ. ಓದ್ಸಲ ನಮ್ ಎಮ್ಮೆ ಬಾಲ ಮುರ್ದು ಲಾರಿಗೆ ಅತ್ತುಸ್ದ. ನೋಡಕ್ಕಾಗ್ನಿಲ್ಲ. ನೀನ್ ತಗತೀಯಾ?”

“ತಗತೀನಿ ಅವ್ವಾರೆ.”

“ಸಾಕಕ್ಕೆ ತಾನೆ?”

ಮುಂದಿನ ಭಾನುವಾರ ಬೀಗರೂಟವೆಂದು ಊರಿಗೆಲ್ಲ ಗೊತ್ತಿತ್ತು. ಎಲೆಗೆ ಬೇಕಾದ ಬಾಳೆಯನ್ನು ಚಿಕ್ಕಬೋರಮ್ಮನೇ ತನ್ನ ಹಿತ್ತಿಲಲ್ಲಿ ಕುಯ್ದುಕೊಳ್ಳಿ ಎಂದಿದ್ದಳು. ಈಗ ಎಮ್ಮೆಯ ಕತ್ತು ಸವರುತ್ತಾ ಉತ್ತರಕ್ಕೆ ಕಾಯುತ್ತಿದ್ದಳು.

“ಸಾಕಕ್ಕೇ ಅವ್ವಾರೆ.”

“ಅಂಗಾದ್ರೆ ದಲ್ಲಾಳಿ ಕೇಳಿದ್ಕಿಂತ ಐನೂರು ಕಮ್ಮಿ ಕೊಡು.”

ವ್ಯಾಪಾರ ಮುಗಿಯಿತು. ಬರೀ ರೇಟು ತಿಳಿಯಲು ಬಂದ ಓದುಗರು ಇಲ್ಲೇ ಎದ್ದು ಹೋಗಬಹುದು. ಉಳಿದವರಿಗೆ ಪೂರ್ತಿ ಖರ್ಚು ಹೇಳುತ್ತೇನೆ.

೪

ಬೀಗರೂಟ ಚೆನ್ನಾಗಿ ಆಯಿತು. ಎಮ್ಮೆಗೆ ವಯಸ್ಸಾಗಿತ್ತಲ್ಲ, ಬೇಯಲು ಹಟ ಹಿಡಿಯಿತು. ಸೌದೆ ಮೇಲೆ ಸೌದೆ ಸುರಿದು ಮಂಚಯ್ಯನ ಕಣ್ಣು ಕೆಂಪಗಾದವು. ಮುದ್ದೆಯ ಮೇಲೆ ಸಾರು ಬಿದ್ದಾಗ ಕರಿಯಯ್ಯ ಒಂದು ತುಂಡನ್ನು ಬಹಳ ಹೊತ್ತು ಅಗಿದು, “ಗಟ್ಟಿ ಸಂಬಂಧ ಕಣ್ಲಾ ಮಂಚಯ್ಯ!” ಎಂದ. ಇಡೀ ಕೇರಿ ನಕ್ಕಿತು. ಕುಳ್ಳಮ್ಮ ಕೊನೆಯ ಪಂಕ್ತಿಯಲ್ಲಿ ಕೂತು ಹೊಟ್ಟೆ ತುಂಬ ಉಂಡು, ಸೊಸೆಯ ತಲೆಗೆ ಹೂ ಮುಡಿಸಿ, ನೆಮ್ಮದಿಯಾಗಿ ಮಲಗಿದಳು.

(ಇಲ್ಲಿ ಅವಳಿಗೆ ಚುಕ್ಕಿಯ ನೆನಪಾಗಿ ಗಂಟಲು ಕಟ್ಟಿತು ಎಂದು ಬರೆದಿದ್ದೆ. ಕುಳ್ಳಮ್ಮ ಹೊಡೆದುಹಾಕಿಸಿದಳು. “ಮಗನ್ ಬೀಗ್ರೂಟ ಅದು. ಗಂಟ್ಲ್ಯಾಕ್ ಕಟ್ಟದು?”)

೫

ಮಳೆ ಬಂತು. ರಾಗಿ ಹೊಲಕ್ಕೆ ಕಳೆ ಬಂತು. ಚಿಕ್ಕಬೋರಮ್ಮ ಬದುವಿನ ಮೇಲೆ ಕೂತು ಕೇಳಿದಳು: “ಚುಕ್ಕಿ ಎಂಗವ್ಳಮ್ಮಿ?”

ಕುಳ್ಳಮ್ಮನ ಕೈ ನಿಂತಿತು. ಸುತ್ತ ಕಳೆ ಕೀಳುತ್ತಿದ್ದವರಲ್ಲಿ ಅರ್ಧ ಜನ ಬೀಗರೂಟಕ್ಕೆ ಬಂದು ಉಂಡವರೇ. ಯಾರೂ ತಲೆ ಎತ್ತಲಿಲ್ಲ.

“ಅಕ್ಕಿಹೆಬ್ಬಾಳಿಗೆ ಕಳ್ಸುದ್ವಿ ಅವ್ವಾರೆ, ಬೀಗ್ರ ಮನೆಗೆ. ಇಲ್ಲಿ ನೀರೆಲ್ಲದೆ? ಅಲ್ಲಾದ್ರೆ ಏಮಾವತಿ ಒಳೆ.”

ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಮಾರನೆಯ ದಿನವೂ ಚಿಕ್ಕಬೋರಮ್ಮ ಕೇಳಿದಳು. ಅದರ ಮಾರನೆಯ ದಿನವೂ. ಕೂಲಿಗೆ ಬಂದವಳು ಉತ್ತರ ಕೊಡದೆ ಇರುವ ಹಾಗಿಲ್ಲ. ಕುಳ್ಳಮ್ಮ ಕೊಟ್ಟಳು. ಚುಕ್ಕಿ ಬೆಳಿಗ್ಗೆ ಹೊಳೆಗೆ ಇಳಿದರೆ ಸಂಜೆಗಂಟ ಮೇಲೆ ಬರುವುದಿಲ್ಲ. ಮೈ ಮಿರಮಿರ ಮಿಂಚುತ್ತದೆ. ಕರಿಯಯ್ಯನ ಹೆಂಡತಿ ಪುಟ್ಟಲಕ್ಷ್ಮಮ್ಮನನ್ನು ಬಿಟ್ಟು ಬೇರೆ ಯಾರು ಹುಲ್ಲು ಹಾಕಿದರೂ ಮೂಸುವುದಿಲ್ಲ.

“ರೈಲ್ ಕೂಗ್ದೇಟ್ಗೆ ಮೊದ್ಮೊದ್ಲು ಬಾಲ ಎತ್ಕಂಡು ಓಡ್ತಿತ್ತಂತೆ ಅವ್ವಾರೆ. ಈಗ ರೈಲ್ ಬರದು ತಡ ಆದ್ರೆ ಇದೇ ಕೂಗ್ತದಂತೆ!”

ಚಿಕ್ಕಬೋರಮ್ಮ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಲದ ಹೆಂಗಸರೂ ನಕ್ಕರು.

ಇಲ್ಲಿ ನಾನು ಮಧ್ಯೆ ಪ್ರವೇಶಿಸಿದೆ. ಸುಳ್ಳು ಹೇಳುವುದು ನನ್ನ ವೃತ್ತಿ, ಸ್ವಲ್ಪ ಅನುಭವವಿದೆ. “ಕುಳ್ಳಮ್ಮ, ಸ್ವಲ್ಪ ಕಂಟ್ರೋಲ್ ಇರಲಿ,” ಅಂದೆ. “ನೀನ್ ಬದುವಿನ್ ಮ್ಯಾಲೆ ಕುಂತಿದ್ದೀಯ. ಬಗ್ಗಿರೋಳು ನಾನು,” ಅಂದಳು. ಅಂದವಳೇ ಒಂದು ಮಧ್ಯಾಹ್ನ ಹೇಳಿಬಿಟ್ಟಳು:

“ಚುಕ್ಕಿ ಗಬ್ಬ ಆಗವ್ಳಂತೆ ಅವ್ವಾರೆ.”

ಚಿಕ್ಕಬೋರಮ್ಮ ಎದ್ದು ನಿಂತಳು. ಮುಖ ಅರಳಿತ್ತೋ ಬಾಡಿತ್ತೋ, ನನಗೆ ಸರಿಯಾಗಿ ಕಾಣಲಿಲ್ಲ.

“ನಾನ್ ನೋಡ್ಬೇಕು. ಸೋಮವಾರ ಓಗಿ ಬರಾನ. ಬಸ್ ಚಾರ್ಜು ನಂದು.”

೬

ಮನೆಯಲ್ಲಿ ರಂಪ. ಮಂಚಯ್ಯನ ಸಲಹೆ: ಅಕ್ಕಿಹೆಬ್ಬಾಳಿನಲ್ಲಿ ಯಾರದಾದರೂ ಎಮ್ಮೆ ಕೇಳಿ ಹಣೆಗೆ ಸುಣ್ಣದ ಬೊಟ್ಟು ಇಡುವುದು. (ಈ ದಾರಿಯಲ್ಲಿ ಕಥೆ ಸೊಗಸಾಗಿ ಓಡುತ್ತಿತ್ತು. ಎಮ್ಮೆ ನೀರಿಗೆ ಇಳಿಯುತ್ತಿತ್ತು, ಸುಣ್ಣ ಕರಗುತ್ತಿತ್ತು, ನೀವು ನಗುತ್ತಿದ್ದಿರಿ. ನನಗೂ ಆಸೆಯಿತ್ತು.) ಆದರೆ ಅಶೋಕ್ ಸಿಟ್ಟಾದ.

“ಅವ್ವ, ನಾವೇನ್ ಕದ್ವಾ? ದುಡ್ ಕೊಟ್ಟು ತಗಂಡಿದ್ದು. ಕಳ್ಳರಂಗೆ ಯಾಕೆ ನಡುಗ್ಬೇಕು? ತಿಂದ್ವಿ ಅಂತ ಏಳು.”

“ನಿಂಗ್ ಸಂಬ್ಳ ಬತ್ತದೆ, ಏಳ್ತೀಯ. ನಾಳೆ ಕೆಲ್ಸಕ್ ಬರ್ಬ್ಯಾಡ ಅಂದ್ರೆ?”

ಕುಳ್ಳಮ್ಮನಿಗೆ ಕೆಲಸದ ಭಯವೂ ಇತ್ತು. ಆದರೆ ಅದಕ್ಕಿಂತ ಹೆಚ್ಚಾಗಿ, ತಾನು ದಿನಾ ಹೇಳಿ ಹೇಳಿ ಸಾಕಿದ ಆ ಎಮ್ಮೆಯನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಇದನ್ನು ಅವಳು ಮಗನಿಗೆ ಹೇಳಲಿಲ್ಲ. ನನಗೆ ಹೇಳಿದಳು.

೭

ಸೋಮವಾರ ಇಬ್ಬರೂ ನಾಗಮಂಗಲದಲ್ಲಿ ಒಂದು ಬಸ್ಸು, ಕೆ.ಆರ್.ಪೇಟೆಯಲ್ಲಿ ಇನ್ನೊಂದು ಬಸ್ಸು ಹತ್ತಿ ಅಕ್ಕಿಹೆಬ್ಬಾಳಿಗೆ ಬಂದರು. ಚಿಕ್ಕಬೋರಮ್ಮನ ಕೈಚೀಲದಲ್ಲಿ ಒಂದು ಪೊಟ್ಟಣ ಹಿಂಡಿ ಇತ್ತು. ಕುಳ್ಳಮ್ಮ ದಾರಿಯುದ್ದಕ್ಕೂ ಆ ಚೀಲವನ್ನೇ ನೋಡುತ್ತಿದ್ದಳು.

ಬೀಗರ ಮನೆಗೆ ಹೋಗುವ ಮೊದಲೇ ಹೊಳೆ ಸಿಕ್ಕಿತು. ನೀರಿನಲ್ಲಿ ಏಳೆಂಟು ಎಮ್ಮೆಗಳು ಮುಖ ಮಾತ್ರ ಮೇಲಿಟ್ಟು ಬಿದ್ದುಕೊಂಡಿದ್ದವು. ಚಿಕ್ಕಬೋರಮ್ಮ ದಡದಲ್ಲಿ ನಿಂತು, ಒಂದೊಂದನ್ನೇ ನೋಡಿ, ಕೊನೆಗೆ ಒಂದರ ಕಡೆ ಕೈ ತೋರಿಸಿದಳು.

“ಅಗಾ, ಅದೇ ಅಲ್ವಾ ನಮ್ ಚುಕ್ಕಿ?”

ಅದರ ಹಣೆಯ ಮೇಲೆ ಬೊಟ್ಟಿರಲಿಲ್ಲ. ಕೊಂಬು ಬೇರೆ, ವಯಸ್ಸು ಬೇರೆ. ಕರುವಿನಿಂದ ಸಾಕಿದವಳಿಗೆ ಇದು ಗೊತ್ತಾಗದೆ ಇರುತ್ತದೆಯೇ? ಓದುಗರೇ, ಅವಳು ದಾರಿ ಬಿಟ್ಟುಕೊಡುತ್ತಿದ್ದಳು. ಕುಳ್ಳಮ್ಮ ಒಂದು ಸಲ ಹೂಂ ಎಂದರೆ ಸಾಕಿತ್ತು. ಹಿಂಡಿಯನ್ನು ಯಾವುದೋ ಎಮ್ಮೆಗೆ ತಿನ್ನಿಸಿ, ಇಬ್ಬರೂ ಕಾಫಿ ಕುಡಿದು, ಸಂಜೆಯ ಬಸ್ಸಿಗೆ ಊರು ಸೇರುತ್ತಿದ್ದರು. ನಾನೂ ಇಲ್ಲೇ ಮುಗಿಸಿ ಮಲಗುತ್ತಿದ್ದೆ.

“ಅದಲ್ಲ ಅವ್ವಾರೆ,” ಅಂದಳು ಕುಳ್ಳಮ್ಮ. “ಚುಕ್ಕೀನ ನಾವ್ ತಿಂದ್ವಿ. ಬೀಗ್ರೂಟುಕ್ಕೆ.”

ಚಿಕ್ಕಬೋರಮ್ಮನ ಕೈ ಇನ್ನೂ ಹೊಳೆಯ ಕಡೆಗೇ ಇತ್ತು.

“ಗೊತ್ತಿಲ್ವಾ ನಂಗೆ? ನಾನ್ ತೋರುಸ್ದೆ ತಾನೆ? ಊಂ ಅನ್ನಕ್ಕೆ ಏನಾಗಿತ್ತು ನಿಂಗೆ?”

“ಇನ್ನೆಷ್ಟ್ ದಿನ ಊಂ ಅನ್ಲಿ? ಮಾರ್ದೋರು ನೀವು. ತಿಂದೋರು ನಾವು. ಸುಳ್ ಮಾತ್ರ ಎಲ್ಲ ನನ್ ಬಾಯಿಂದ್ಲೇ ಬರ್ಬೇಕಾ? ಕಳೆ ಕಿತ್ರೆ ಕೂಲಿ ಕೊಡ್ತೀರ. ಇದುಕ್ಕೇನ್ ಕೊಟ್ರಿ?”

“ಐನೂರು ಕಮ್ಮಿ ಮಾಡ್ಕಂಡಿರ್ನಿಲ್ವಾ?”

“ಅದು ಒಂದ್ ಸುಳ್ಗೆ ಅವ್ವಾರೆ. ನೀವು ದಿನಾ ಕೇಳುದ್ರಿ.”

ಚಿಕ್ಕಬೋರಮ್ಮ ಪೊಟ್ಟಣ ಬಿಚ್ಚಿ, ಹಿಂಡಿಯನ್ನು ದಡದ ಮೇಲೆ ಸುರಿದು, ತಿರುಗಿ ನಡೆದಳು. ವಾಪಸಿನ ಬಸ್ಸಿನಲ್ಲಿ ಎರಡು ಟಿಕೆಟನ್ನೂ ಅವಳೇ ತೆಗೆದಳು. ಕೂತದ್ದು ಮಾತ್ರ ಮುಂದಿನ ಸೀಟಿನಲ್ಲಿ.

೮

ಕುಳ್ಳಮ್ಮನ ಕೆಲಸ ಹೋಗಲಿಲ್ಲ. ಕೂಲಿಯೂ ಕಡಿಮೆಯಾಗಲಿಲ್ಲ. ಚಿಕ್ಕಬೋರಮ್ಮ ಬದುವಿನ ಮೇಲೆ ಬಂದು ಕೂರುವುದನ್ನು ಬಿಟ್ಟಳು, ಅಷ್ಟೆ. ಏನು ಹೇಳಬೇಕಾದರೂ ಗಂಡನಿಂದ ಹೇಳಿಸುತ್ತಿದ್ದಳು. ಹೊಲದಲ್ಲಿ ನಗು ನಿಂತುಹೋಯಿತು. ಹೆಂಗಸರು ಕುಳ್ಳಮ್ಮನನ್ನೇ ಬೈದರು: “ಮುಂಡೇದೆ, ಗಬ್ಬ ಆಗಿದ್ದೆಮ್ಮೆ. ಕರ ಆಕೋಗಂಟ ತಡ್ಯಾಕಾಗ್ನಿಲ್ವಾ?”

ಇಲ್ಲಿ ಎರಡು ಅಂತ್ಯ ಬರೆದೆ. ಒಂದರಲ್ಲಿ ಚಿಕ್ಕಬೋರಮ್ಮ ಕುಳ್ಳಮ್ಮನ ಮನೆಗೆ ಬಂದು ಮಣೆಯ ಮೇಲೆ ಕೂತು ಉಣ್ಣುತ್ತಾಳೆ. ಕುಳ್ಳಮ್ಮ ಓದಿಸಿ ಕೇಳಿ, “ನಮ್ಮನೇಲಿ ನೀರ್ ಕುಡ್ಯಾಕಿಲ್ಲ ಅವ್ರು. ನೀನ್ ಒಂದೇ ಪೇಜ್ನಲ್ಲಿ ಊಟ ಮಾಡುಸ್ತೀಯಾ?” ಅಂದಳು. ಇನ್ನೊಂದರಲ್ಲಿ ಕುಳ್ಳಮ್ಮ ಕ್ಷಮೆ ಕೇಳುತ್ತಾಳೆ. ಅದನ್ನು ಓದಿ ಹೇಳುವ ಧೈರ್ಯ ನನಗಾಗಲಿಲ್ಲ.

ಆದದ್ದು ಇಷ್ಟು. ರಾಗಿ ಕುಯ್ಲಿನ ಹೊತ್ತಿಗೆ ಪಾಂಡವಪುರದಿಂದ ಚಿಕ್ಕಬೋರಮ್ಮನ ತಂಗಿ ಬೈರಮ್ಮ ಬಂದಿದ್ದಳು. ಅಕ್ಕನ ಜೊತೆ ಹೊಲದ ತನಕ ಬಂದವಳು, ಕುಯ್ಯುತ್ತಿದ್ದವರೆಲ್ಲರ ಮುಂದೆ ಸುಮ್ಮನೆ ಕೇಳಿದಳು: “ಕೊಟ್ಟಿಗೇಲಿ ಚುಕ್ಕಿ ಕಾಣ್ಲಿಲ್ವಲ್ಲಕ್ಕ, ಎಲ್ಲೋಯ್ತು?”

ಕುಡುಗೋಲುಗಳೆಲ್ಲ ನಿಂತವು. ಹೆಂಗಸರು ಕುಳ್ಳಮ್ಮನ ಕಡೆ ನೋಡಿದರು. ಕುಳ್ಳಮ್ಮ ತುಟಿ ಬಿಗಿಹಿಡಿದು ತೆನೆಯನ್ನೇ ನೋಡುತ್ತಿದ್ದಳು.

“ಮಾರ್ದೆ,” ಅಂದಳು ಚಿಕ್ಕಬೋರಮ್ಮ.

“ಸಾಕಕ್ಕಾ?”

“ಕುಯ್ಯಕ್ಕೆ. ಗೊತ್ತಿದ್ದೇ ಮಾರ್ದೆ ಕಣೆ.”

ಬೈರಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಚಿಕ್ಕಬೋರಮ್ಮ ಅವಳನ್ನು ಅಲ್ಲೇ ಬಿಟ್ಟು, ಬದುವಿನ ಮೇಲೆ ಹಳೆಯ ಜಾಗಕ್ಕೆ ಹೋಗಿ ಕೂತಳು.

ಈಗ ಕುಳ್ಳಮ್ಮನಿಗೆ ಗೆದ್ದ ಹಾಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಹೊಳೆಯಲ್ಲಿ ಬಿದ್ದುಕೊಂಡು ರೈಲಿಗೆ ಕೂಗುತ್ತಿದ್ದ ಆ ಬಸುರಿ ಎಮ್ಮೆ ಆ ಕ್ಷಣಕ್ಕೆ ಸತ್ತುಹೋಯಿತು. ನಿಜವಾದ ಚುಕ್ಕಿಯನ್ನು ಉಂಡು ನೆಮ್ಮದಿಯಾಗಿ ಮಲಗಿದ್ದವಳು, ಇರದೇ ಇದ್ದ ಚುಕ್ಕಿಗಾಗಿ ರಾಗಿ ಹೊಲದ ನಡುವೆ ಮೂಗು ಸೀಟಿಕೊಂಡಳು. ಚಿಕ್ಕಬೋರಮ್ಮ ನೋಡಿದಳು. ಯಾಕೆ ಎಂದು ಕೇಳಲಿಲ್ಲ.

“ಇಲ್ಲಿಗೆ ಮುಗಿಸಲಾ ಕುಳ್ಳಮ್ಮ?” ಅಂದೆ. “ಇಬ್ಬರಿಗೂ ಸಮಾಧಾನ ಆದ ಹಾಗೆ ಕಾಣುತ್ತದೆ.”

“ಯಾರ್ಗ್ ಆಯ್ತು? ನಂಗಾಗಿಲ್ಲ. ಅವ್ರಿಗೆ ಆಯ್ತಾ ಅಂತ ನೀನೇ ಓಗಿ ಕೇಳು.”

ಬದುವಿನ ತನಕ ಹೋದೆ. ಚಿಕ್ಕಬೋರಮ್ಮ ನನ್ನ ಮುಖವನ್ನೂ ನೋಡಲಿಲ್ಲ. “ನಿಂತ್ಕಂಡ್ ಏನ್ ನೋಡ್ತೀಯಪ್ಪ?” ಅಂದಳು. “ಒತ್ತು ಮುಳುಗೋದ್ರೊಳ್ಗೆ ಕುಯ್ಲಾಗ್ಬೇಕು. ಒಂದ್ ಸಾಲು ಇಡ್ಕೊ.”

ಪೆನ್ನು ಜೇಬಿಗೆ ಹಾಕಿದೆ. ಯಾರೋ ಕುಡುಗೋಲು ಕೊಟ್ಟರು. ನನಗೆ ಕುಯ್ಯಲು ಬರುವುದಿಲ್ಲ, ಸಾಲು ಇನ್ನೂ ಅರ್ಧ ಕೂಡ…