ಖಾಲಿ ಅರಿವೆ

ಎರಡು ದಿನದಿಂದ ರಾಜಮತಿಯ ಬಾಯಿಗೆ ಒಂದು ಹನಿ ನೀರು ಬಿದ್ದಿರಲಿಲ್ಲ. ಗಂಡ ಭೀಮಗೊಂಡನಿಗೆ ವ್ರತ ಎಂದು ಹೇಳಿದ್ದಳು. ಅದು ವ್ರತವಲ್ಲ, ಪ್ರಾಯಶ್ಚಿತ್ತ. ಯಾವ ಪಾಪಕ್ಕೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

ಜುಗೂಳದ ಜೈನರ ಮನೆಗಳಲ್ಲಿ ನೀರು ಸೋಸದೆ ಕುಡಿಯುವುದಿಲ್ಲ. ಸೋಸಿದರೆ ಮುಗಿಯಿತು ಎಂದೂ ಅಲ್ಲ. ಸೋಸುವ ಬಟ್ಟೆಯಲ್ಲಿ, ಅಂದರೆ ಅರಿವೆಯಲ್ಲಿ, ಸಿಕ್ಕ ಹುಳಹುಪ್ಪಡಿಯನ್ನು ಯಾವ ನೀರಿನಿಂದ ತೆಗೆದರೋ ಅದೇ ನೀರಿಗೆ ಜೀವಂತ ಬಿಟ್ಟು ಬರಬೇಕು. ಮದುವೆಯಾಗಿ ಬಂದಂದಿನಿಂದ ಮೂವತ್ತೆರಡು ವರ್ಷ ರಾಜಮತಿ ಬೆಳಗಾದರೆ ಕೃಷ್ಣೆಯ ದಂಡೆಯಲ್ಲಿ ಕೂತು, ಎರಡು ಪದರಿನ ಅರಿವೆಯಲ್ಲಿ ನೀರು ಸೋಸಿ, ಅರಿವೆಯನ್ನು ಮಗುಚಿ ಹೊಳೆಯಲ್ಲಿ ಮೆಲ್ಲಗೆ ಅಲುಗಿಸುತ್ತಿದ್ದಳು. ಬೇಸಿಗೆಯಲ್ಲಂತೂ ಅದರ ಮೇಲೆ ರವೆಕಾಳಿನಷ್ಟು ಸಣ್ಣ ಜೀವಗಳು ಜಿಗಿದಾಡುತ್ತಿದ್ದವು. "ಹೋಗ್ರಿ ನನ್ನವ್ವಗೋಳ್ರಾ, ನಿಮ್ಮ ಮನೀಗೆ ಹೋಗ್ರಿ" ಎಂದು ಅವುಗಳನ್ನು ಕಳಿಸಿಕೊಡುವುದು ಅವಳ ರೂಢಿ.

ಮೊನ್ನೆ ಅರಿವೆಯ ಮೇಲೆ ಏನೂ ಜಿಗಿಯಲಿಲ್ಲ. ಹಿಂದಿನ ದಿನ ಅದನ್ನು ಸೋಡಾ ಹಾಕಿ ಕುದಿಸಿದ್ದಳು. ಸೋಡಾದ ಕಟು ಅರಿವೆಯಲ್ಲಿ ಉಳಿದು ಸಾವಿರಾರು ಜೀವ ತನ್ನ ಕೈಯಿಂದಲೇ ಸತ್ತವೆಂದುಕೊಂಡಳು. ನಿನ್ನೆ ನೋಡಿದರೆ ಆಗಲೂ ಇಲ್ಲ. ಇವತ್ತೂ ಇಲ್ಲ. ಪಾಪಿಯ ಕೈಯ ಹತ್ತಿರ ಜೀವಗಳೂ ಬರುತ್ತಿಲ್ಲವೇನೋ ಎಂದು ಹೆದರಿ, ಯಾರ ಮುಂದೆಯೂ ತುಟಿ ಬಿಚ್ಚಲಿಲ್ಲ.

ಯಾರಿಗೆ ಹೇಳಬೇಕಿತ್ತೋ ಅವಳು ಮನೆಯಲ್ಲೇ ಇದ್ದಳು. ಮಗಳು ಸುಗಂಧಾ ಕಾರವಾರದಲ್ಲಿ ಸಮುದ್ರಜೀವಿಗಳ ಶಾಸ್ತ್ರ ಓದಿ, ಈಗ ಕೃಷ್ಣೆ ಹೋಗಿ ಸೇರುವ ಮೂಡಣ ಸಮುದ್ರದ ಮೇಲೆ ಸಂಶೋಧನೆ ಮಾಡುತ್ತಿದ್ದಳು. ತೊಂಬತ್ನಾಲ್ಕರ ಆ ಬೇಸಿಗೆಯಲ್ಲಿ ಅವಳ ಗುರುಗಳು, ಸಮುದ್ರ ಕೆಡುವುದು ನದಿಯ ಮೇಲಿನ ಊರುಗಳಲ್ಲಿ, ನೀರನ್ನಷ್ಟೇ ಅಳೆದರೆ ಸಾಲದು, ನೀರು ಬಳಸುವ ಜನರನ್ನೂ ಕೇಳಿ ಬಾ ಎಂದು ನಲವತ್ತು ಪ್ರಶ್ನೆಯ ಫಾರ್ಮು ಕೊಟ್ಟು ಕಳಿಸಿದ್ದರು. ಒಳ್ಳೆಯ ಮಾತೇ. ಹುಡುಗಿ ಅಂಬಿಗರನ್ನು ಕೇಳಿದಳು, ಪಂಪಿನವರನ್ನು ಕೇಳಿದಳು, ಎಮ್ಮೆ ಮೈತೊಳೆಯುವವರನ್ನೂ ಬಿಡಲಿಲ್ಲ. ಹೆತ್ತವ್ವನನ್ನು ಮಾತ್ರ ಕೇಳಲಿಲ್ಲ. ಹಿತ್ತಲ ಗಿಡ ಮದ್ದಲ್ಲವಲ್ಲ! ನೀರಿನ ಸಣ್ಣ ಜೀವಗಳನ್ನು ಹಿಡಿಯಲು ಅವಳು ತಂದ ಸೂಕ್ಷ್ಮ ಕಣ್ಣಿನ ಬಲೆ ಶನಿವಾರಕ್ಕೊಮ್ಮೆ ಹೊಳೆಗಿಳಿಯುತ್ತಿತ್ತು. ಇವತ್ತು ಇನ್ನೂ ಗುರುವಾರ.

ಮಧ್ಯಾಹ್ನದ ಹೊತ್ತಿಗೆ ಸುಗಂಧಾ ಎರಡು ಸಲ ವಾಂತಿ ಮಾಡಿಕೊಂಡು ಪಡಸಾಲೆಯ ಗೋಡೆಗೊರಗಿ ಕೂತಳು. ಬಿಸಿಲಿಗೆ ಪಿತ್ತ ಕೆರಳಿದೆ ಎಂದಳು. ಅವ್ವ ಕೊಟ್ಟ ತಂಬಿಗೆ ನೀರನ್ನು ಗಟಗಟ ಕುಡಿದು, ಅವ್ವನ ಒಣಗಿದ ತುಟಿಯನ್ನು ದಿಟ್ಟಿಸಿದಳು.

"ಅವ್ವಾ, ಇವತ್ತ ಅಷ್ಟಮಿನೂ ಅಲ್ಲ, ಚತುರ್ದಶಿನೂ ಅಲ್ಲ. ಯಾಕ ಉಪವಾಸ? ಏನ ಮುಚ್ಚಿಡಾಕತ್ತಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ರಾಜಮತಿಯ ಕೈ ಸೊಂಟಕ್ಕೆ ಸಿಕ್ಕಿಸಿದ್ದ ಅರಿವೆಯ ಮೇಲೆ ಹೋಯಿತು. ಅತ್ತಳು. ಅಳುತ್ತಲೇ ಎಲ್ಲ ಹೇಳಿದಳು.

ಮಗಳು ನಗುತ್ತಾಳೆಂದುಕೊಂಡಿದ್ದಳು. ಸುಗಂಧಾ ನಗಲಿಲ್ಲ. "ಈಗ ಒಂದ ಕೊಡ ತಗೊಂಡ ಬಾ, ಲಗೂನ" ಎಂದಳು. ಹೊಳೆ ಮನೆಯಿಂದ ಕೂಗಳತೆ. ಎರಡು ದಿನದ ಉಪವಾಸದ ಕಾಲುಗಳು ಎಡವುತ್ತ ಹೋಗಿ ತಂದವು. ಸೋಸಿದರು. ಅರಿವೆಯನ್ನು ಬಟ್ಟಲಲ್ಲಿ ಜಾಲಿಸಿ ಅದರ ಹನಿಯನ್ನು ಗಾಜಿನ ಮೇಲಿಟ್ಟು ಸುಗಂಧಾ ತಾನು ಕಾರವಾರದಿಂದ ತಂದಿದ್ದ ಸೂಕ್ಷ್ಮದರ್ಶಕದಲ್ಲಿ ಕಣ್ಣು ನೆಟ್ಟಳು. ಇನ್ನೊಂದು ಹನಿ. ಮತ್ತೊಂದು.

"ಒಂದೂ ಇಲ್ಲ. ಹೋದ ಶನಿವಾರ ಹನಿಗೆ ಹತ್ತಿಪ್ಪತ್ತ ಇದ್ದೂವು. ಅವ್ವಾ, ನಿನ್ನ ಸೋಡಾದಿಂದ ಸತ್ತಿಲ್ಲ. ಹೊಳ್ಯಾಗ ಸತ್ತಾವ. ಮ್ಯಾಲಿಂದ ಏನೋ ವಿಷ ಬಂದೈತಿ."

ರಾಜಮತಿಯ ಎದೆಯ ಮೇಲಿನ ಬಂಡೆ ಸರಿಯಿತು. ಸರಿದದ್ದು ಒಂದೇ ಗಳಿಗೆ. ಮಗಳ ಪಕ್ಕದ ಖಾಲಿ ತಂಬಿಗೆ ಕಣ್ಣಿಗೆ ಬಿತ್ತು. ಮೂರು ದಿನದಿಂದ ತಾನೇ ಸೋಸಿ, ತಾನೇ ಕಾಯಿಸಿ ಆರಿಸಿ ಕೊಟ್ಟ ನೀರು.

"ಕಾಯಿಸಿದ್ರ ಹೋಗತೈತಿಲ್ಲ ಮಗಳ, ವಿಷ?"

"ಇಲ್ಲವ್ವಾ."

ಕಣ್ಣಿಗೆ ಕಾಣದ ಜೀವಕ್ಕಾಗಿ ಉಪವಾಸ ಕೂತವಳು, ಹೊಟ್ಟೆಯ ಮಗಳಿಗೆ ಕೈಯಾರೆ ಕುಡಿಸಿದ್ದಳು. ಇಂಥ ಭಯವನ್ನು ರಾಜಮತಿ ಹೆರಿಗೆಯಲ್ಲೂ ಕಂಡಿರಲಿಲ್ಲ. ಭೀಮಗೊಂಡ ನೆರೆಯವರ ಜೀಪು ತಂದ. ಮೀರಜಿನ ಆಸ್ಪತ್ರೆಗೆ ಒಯ್ಯಬೇಕು. ಅವಳೂ ಹತ್ತಲು ಹೋದಾಗ ಸುಗಂಧಾ ಅವ್ವನ ಕೈ ಬಿಡಿಸಿದಳು.

"ನೀ ಬರಬ್ಯಾಡ. ಐದಕ್ಕ ನಳ ಬಿಡ್ತಾರ. ಟಾಕಿಗೂ ಅದ ಹೊಳಿ ನೀರ. ನೀ ಹೋಗಿ ಹೇಳು. ನನ್ನ ಫಾರ್ಮು ಯಾರೂ ನಂಬೂದಿಲ್ಲ, ನಿನ್ನ ಅರಿವಿ ನಂಬ್ತಾರ."

ಜೀಪು ಹೊರಟಿತು. ಹಿಂದೆ ಓಡಬೇಕೆಂದು ಕಾಲು ತುಡಿಯಿತು. ರಾಜಮತಿ ತಿರುಗಿ ನಳದ ಕಟ್ಟೆಯತ್ತ ಓಡಿದಳು.

ಅಲ್ಲಿ ಐವತ್ತು ಅರವತ್ತು ಕೊಡ ಸಾಲುಗಟ್ಟಿದ್ದವು. ನೀರು ಬಿಡುವ ಭರಮು ಕೀಲಿ ತಿರುಗಿಸಲು ಬಗ್ಗಿದ್ದ. ಅವನ ಕೈ ಹಿಡಿದಳು. ಪರಪುರುಷನ ಕೈಯನ್ನು ಅವಳು ಎಂದೂ ಮುಟ್ಟಿದವಳಲ್ಲ.

"ಬಿಡಬ್ಯಾಡೋ ಭರಮು. ನೀರ ಸತ್ತೈತಿ."

"ಏನ್ ಮಾತ್ರಿ ವೈನಿ! ನೀರ ಕನ್ನಡಿ ಹಂಗ ತಿಳಿ ಐತಿ" ಎಂದ ಭರಮು; ಊರಿಗೆಲ್ಲ ಅವಳು ವೈನಿ, ಅತ್ತಿಗೆ.

"ಅದಕ್ಕ ಅಂಜಾಕತ್ತೀನಿ" ಎಂದು ರಾಜಮತಿ ಅರಿವೆಯನ್ನು ಬಿಚ್ಚಿ ಹಿಡಿದಳು. "ನೋಡ್ರಿ, ಒಂದ ಜೀವ ಇಲ್ಲ. ಮೊನ್ನಿಯಿಂದ ಇಲ್ಲ. ನನ್ನ ಪಾಪ ಅಂತ ಮುಚ್ಚಿಟ್ಟೆ. ನನ್ನ ಮಗಳು ಕುಡದ್ಲು, ಮೀರಜಿಗೆ ಒಯ್ದಾರ."

ಭರಮು ಅರಿವೆ ನೋಡಿದ, ಅವಳ ಮುಖ ನೋಡಿದ. ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ. ಸೋಸುವ ವಿಷಯದಲ್ಲಿ ರಾಜಮತಿ ಸುಳ್ಳಾಡುವವಳಲ್ಲ ಎಂಬುದು ಊರಿಗೇ ಗೊತ್ತು. ಹೆಂಗಸರು ಖಾಲಿ ಕೊಡ ಎತ್ತಿಕೊಂಡರು.

ಕಂಕುಳಲ್ಲಿ ಕೂಸು ಹೊತ್ತ ಕಾಳವ್ವ ಮಾತ್ರ ಕದಲಲಿಲ್ಲ.

"ವೈನಿ, ನಿನ್ನೆ ಕುಡದವರ ಗತಿ ಏನ್ರಿ?" ಎಂದಳು.

ರಾಜಮತಿ ಮೀರಜಿನ ದಾರಿಯ ಕಡೆ ನೋಡಿದಳು. ಮೊನ್ನೆಯೇ ಬಾಯಿಬಿಟ್ಟಿದ್ದರೆ ಈ ಮಾತು ಕೇಳಬೇಕಾಗಿರಲಿಲ್ಲ. ಕಾಳವ್ವನ ಕಂಕುಳಿನ ಕೂಸನ್ನು ತಾನು ಎತ್ತಿಕೊಂಡು, "ನಡಿ, ಆಸ್ಪತ್ರಿಗೆ" ಎಂದಳು.